ಎರಡನೇ ಸಲ ತಪಾಸಣೆಗೆ ಹೋದವರು

ಪೆಟ್ರೋಲ್ ಬಂಕ್‌ಗಳಲ್ಲಿ ದಿನಾ ಬೆಳಗ್ಗೆ ಮಾಡಲೇಬೇಕಾದ ಒಂದು ಕೆಲಸ ಇದೆ. ಗಾಜಿನ ಜಾಡಿಗೆ ಪೆಟ್ರೋಲ್ ಹಾಕಿ, ಹೈಡ್ರೋಮೀಟರ್ ತೇಲಿಬಿಟ್ಟು ಡೆನ್ಸಿಟಿ ನೋಡಬೇಕು. ಅದನ್ನ 15 ಡಿಗ್ರಿ ಸೆಲ್ಸಿಯಸ್ ಲೆಕ್ಕಕ್ಕೆ ತಂದು ರಿಜಿಸ್ಟರ್‌ನಲ್ಲಿ ಬರೀಬೇಕು. ಇರಬೇಕಾದ ಡೆನ್ಸಿಟಿಗೂ ಇದಕ್ಕೂ ಘನ ಮೀಟರಿಗೆ 3 ಕೆ.ಜಿ.ಗಿಂತ ಜಾಸ್ತಿ ವ್ಯತ್ಯಾಸ ಬಂದ್ರೆ ಕಲಬೆರಕೆಯ ಅನುಮಾನ.

ಜಾಡಿ ಮುಟ್ಟದೇನೇ ನಿನ್ನೆಯ ಅಂಕಿಯನ್ನ ಇವತ್ತೂ ಬರೆದುಬಿಡಬಹುದು. ಯಾರೂ ಕೇಳಲ್ಲ. ಕೆಲಸದಲ್ಲಿ ಪ್ರಾಮಾಣಿಕತೆ ಅನ್ನೋದು ಪರೀಕ್ಷೆಗೆ ಬೀಳೋದು ಇಂಥ ಕಡೆ ಅಂತ ನನಗನ್ನಿಸುತ್ತೆ.

ಮಂಜುನಾಥ್ ಷಣ್ಮುಗಂ ಅವರ ಕೆಲಸವೂ ಇಂಥದ್ದೇ. ಓದಿದ್ದು ಕೆಜಿಎಫ್‌ನಲ್ಲಿ, ಆಮೇಲೆ ಮೈಸೂರಿನ ಎಸ್‌ಜೆಸಿಇಯಲ್ಲಿ ಎಂಜಿನಿಯರಿಂಗ್, ಲಖನೌ ಐಐಎಂನಲ್ಲಿ ಎಂಬಿಎ. ಇಂಡಿಯನ್ ಆಯಿಲ್‌ನ ಸೇಲ್ಸ್ ಆಫೀಸರ್ ಆಗಿ ಉತ್ತರ ಪ್ರದೇಶದ ಲಖೀಂಪುರ ಖೇರಿಗೆ ಹೋದ್ರು. ಬಂಕ್ ಬಂಕ್ ಸುತ್ತಿ ಸ್ಯಾಂಪಲ್ ತೆಗೆಯೋದು, ಕಲಬೆರಕೆ ಸಿಕ್ಕಿದ್ರೆ ಸೀಲ್ ಹಾಕಿಸೋದು ಅವರ ಪಾಲಿಗೆ ಬಂದಿದ್ದ ಕೆಲಸ. ಆಗ ಪಡಿತರದ ಸೀಮೆಎಣ್ಣೆ ಡೀಸೆಲ್‌ಗಿಂತ ಎಷ್ಟೋ ಅಗ್ಗ. ಎರಡನ್ನೂ ಬೆರೆಸಿ ಮಾರಿದ್ರೆ ಲೀಟರ್ ಲೀಟರಿಗೂ ಲಾಭ. ಆ ಲಾಭಕ್ಕೆ ಅಡ್ಡ ನಿಂತಿದ್ದು ಇವರು.

ಗೋಲಾ ಊರಿನ ಒಂದು ಬಂಕ್‌ಗೆ ಸೀಲ್ ಬಿತ್ತು. ಸ್ವಲ್ಪ ದಿನದಲ್ಲೇ ಬಂಕ್ ಮತ್ತೆ ಶುರುವಾಯ್ತು. ಮಂಜುನಾಥ್ ಮತ್ತೆ ತಪಾಸಣೆಗೆ ಹೋದ್ರು. ಅವತ್ತು 2005ರ ನವೆಂಬರ್ 19. ಅಲ್ಲೇ ಅವರನ್ನ ಗುಂಡಿಟ್ಟು ಕೊಂದರು. ಅವರಿಗಾಗ 27 ವರ್ಷ.

ಅವರು ಮತ್ತೆ ಹೋದರಲ್ಲ, ಅದರ ಬಗ್ಗೆ ಸ್ವಲ್ಪ ಯೋಚನೆ ಮಾಡಿ. ಮೊದಲ ಸಲ ಸೀಲ್ ಹಾಕಿಸಿದಾಗಲೇ ಕಡತದ ಪ್ರಕಾರ ಕೆಲಸ ಮುಗಿದಿತ್ತು. ನಮ್ಮಲ್ಲಿ ಬಹಳಷ್ಟು ಜನ ಅಲ್ಲಿಗೇ ನಿಲ್ಲಿಸ್ತೀವಿ. “ನೋಟಿಸ್ ಕೊಟ್ಟಾಯ್ತು, ರಿಪೋರ್ಟ್ ಕಳಿಸಿದೀನಿ, ಇನ್ನು ಮೇಲಿನವರು ನೋಡ್ಕೋತಾರೆ” ಅಂತೀವಿ. ಹೇಳಿದ್ದು ಜಾರಿಯಾಗಿದೆಯಾ ಅಂತ ಮತ್ತೆ ಹೋಗಿ ನೋಡೋರು ಅಪರೂಪ. ಮಂಜುನಾಥ್ ಅವರನ್ನ ಹುತಾತ್ಮ ಅಂದು ಕೈಮುಗಿದು ಸುಮ್ಮನಾಗೋದು ಸುಲಭ. ಅವರು ಮಾಡಿದ್ದು ಸಂಬಳಕ್ಕೆ ಒಪ್ಪಿಕೊಂಡ ಕೆಲಸ, ಅದನ್ನ ಪೂರ್ತಿ ಮಾಡಿದ್ರು. ಅದಕ್ಕೆ ಜೀವ ತೆರಬೇಕಾಗಿ ಬಂತಲ್ಲ, ಆ ನಾಚಿಕೆ ನಮ್ಮೆಲ್ಲರದು.

ಐಐಎಂನ ಹಳೇ ವಿದ್ಯಾರ್ಥಿಗಳು ಟ್ರಸ್ಟ್ ಕಟ್ಟಿ ಪ್ರಕರಣದ ಬೆನ್ನು ಹತ್ತಿದರು. 2007ರಲ್ಲಿ ಕೆಳ ನ್ಯಾಯಾಲಯ ಬಂಕ್ ಮಾಲೀಕನಿಗೆ ಮರಣದಂಡನೆ ಕೊಟ್ಟಿತು. ಹೈಕೋರ್ಟ್ ಅದನ್ನ ಜೀವಾವಧಿಗೆ ಇಳಿಸಿತು, 2015ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಹತ್ತಿರ ಹತ್ತಿರ ಹತ್ತು ವರ್ಷ.

ಇಂಥ ಅಧಿಕಾರಿ ಒಂಟಿಯಾಗೋದು ಬೇರೆ ಯಾರೂ ಪ್ರಶ್ನೆ ಕೇಳದೇ ಇದ್ದಾಗ. ಕೇಳೋದು ಗ್ರಾಹಕರಿಗೂ ಸಾಧ್ಯ. ಪ್ರತಿ ಬಂಕ್‌ನಲ್ಲೂ ಸರ್ಕಾರಿ ಮುದ್ರೆಯಿರುವ 5 ಲೀಟರ್ ಅಳತೆ ಪಾತ್ರೆ ಇರಲೇಬೇಕು. ಅನುಮಾನ ಬಂದ್ರೆ “ಅಣ್ಣಾ, ಒಂದ್ಸಲ ಐದು ಲೀಟರ್ ಅಳೆದು ತೋರಿಸಿ” ಅಂತ ಕೇಳಿ. 25 ಮಿಲಿ ಲೀಟರ್‌ವರೆಗಿನ ವ್ಯತ್ಯಾಸಕ್ಕೆ ಅವಕಾಶ ಇದೆ. ಅದಕ್ಕಿಂತ ಜಾಸ್ತಿ ಕೊರತೆ ಬಂದ್ರೆ ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡಿ. ಡೆನ್ಸಿಟಿ ರಿಜಿಸ್ಟರ್ ತೋರಿಸಿ ಅಂತಲೂ ಕೇಳಿ. ಹಿಂದೆ ನಿಂತಿರೋ ಬೈಕಿನವರು ಹಾರ್ನ್ ಹೊಡೀತಾರೆ, ಹೊಡೀಲಿ ಬಿಡಿ.