ಸದನದ ಮಾತು ಹೊಲಕ್ಕೆ ಮುಟ್ಟುವ ಬಗೆ: ಕೊಪ್ಪಳದಿಂದ ಕಲಿಯಬೇಕಾದದ್ದು

(ಒಕ್ಕೂಟದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ವಿಧಾನಮಂಡಲದ ಅಧಿವೇಶನ ನಡೆಯುತ್ತಿರುವಾಗಲೇ ಶಾಸಕರು ತಮ್ಮ ಕ್ಷೇತ್ರದ ಜನರಿಗೆ ಸುದ್ದಿ ಮುಟ್ಟಿಸುವ ಪದ್ಧತಿ ಈಚಿನ ವರ್ಷಗಳಲ್ಲಿ ಬೆಳೆದಿದೆ. ವಾರದ ಕೊನೆಗೆ ಊರಿಗೆ ಬಂದು ಪ್ರವಾಸಿ ಮಂದಿರದಲ್ಲಿ ಪತ್ರಿಕಾಗೋಷ್ಠಿ ಕರೆಯುವವರಿದ್ದಾರೆ. ಸದನದಲ್ಲಿ ತಾವು ಮಾತನಾಡಿದ ಎರಡು ನಿಮಿಷದ ದೃಶ್ಯವನ್ನು ಎಲ್ಲರ ಮೊಬೈಲಿಗೂ ಕಳುಹಿಸುವವರಿದ್ದಾರೆ. ಇದು ಸ್ವಾಗತಾರ್ಹವೇ. ಐದು ವರ್ಷಕ್ಕೊಮ್ಮೆ ಮಾತ್ರ ಮುಖ ತೋರುತ್ತಿದ್ದ ಕಾಲಕ್ಕಿಂತ ಇದು ಮೇಲು. ಆದರೆ ಆ ಸುದ್ದಿಯಲ್ಲಿ ಕಾಳೆಷ್ಟು, ಜೊಳ್ಳೆಷ್ಟು ಎಂದು ತೂರಿ ನೋಡುವ ಕ್ರಮವನ್ನು ನಾವು ಇನ್ನೂ ರೂಢಿಸಿಕೊಂಡಿಲ್ಲ. ಅದನ್ನು ಕುರಿತು ಕೊಪ್ಪಳ ಜಿಲ್ಲೆಯ ಉದಾಹರಣೆಯೊಂದಿಗೆ ಮಾತನಾಡಬೇಕೆಂದಿದ್ದೇನೆ.

ಮಲೆನಾಡಿನ ಸಭೆಯಲ್ಲಿ ಕೊಪ್ಪಳದ ಮಾತೇಕೆ ಎಂದು ತಾವು ಕೇಳಬಹುದು. ನಮ್ಮ ಗಂಗಾಮೂಲದಲ್ಲಿ ಹುಟ್ಟಿದ ತುಂಗೆ ಮತ್ತು ಭದ್ರೆ ಕೂಡ್ಲಿಯಲ್ಲಿ ಒಂದಾಗಿ ಮುನಿರಾಬಾದಿನ ಬಳಿ ಅಣೆಕಟ್ಟಿಗೆ ಸಿಕ್ಕುತ್ತವೆ. ಅಲ್ಲಿಂದ ಹೊರಡುವ ಎಡದಂಡೆ ಕಾಲುವೆಯೇ ಗಂಗಾವತಿಯ ಭತ್ತದ ಬಯಲಿಗೆ ಜೀವ. ನಾವು ತಲೆಯಲ್ಲಿದ್ದೇವೆ, ಅವರು ಮಡಿಲಲ್ಲಿದ್ದಾರೆ. ಒಂದೇ ನದಿಯ ಜನರಾದ ನಮ್ಮೆಲ್ಲರ ಪ್ರತಿನಿಧಿಗಳು 224 ಸದಸ್ಯರ ಒಂದೇ ಸದನದಲ್ಲಿ ಕೂರುತ್ತಾರೆ. ಅಲ್ಲಿಯ ಅನುಭವ ನಮಗೆ ಪರಕೀಯವಲ್ಲ.

ರಾಯಚೂರಿನಿಂದ ಬೇರ್ಪಟ್ಟು 1997ರಲ್ಲಿ ರೂಪುಗೊಂಡ ಕೊಪ್ಪಳ ಜಿಲ್ಲೆಗೆ ಆಗ ಇದ್ದದ್ದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳು. ಕನಕಗಿರಿ, ಕಾರಟಗಿ, ಕುಕನೂರುಗಳು ಅನಂತರ ಸೇರಿದವು. ವಿಧಾನಸಭೆಯಲ್ಲಿ ಜಿಲ್ಲೆಗೆ ಐದು ಸ್ಥಾನಗಳಿವೆ. ಒಂದೇ ಜಿಲ್ಲೆಯಾದರೂ ಇಲ್ಲಿಯ ನೆಲ ಒಂದೇ ಬಗೆಯದಲ್ಲ. ಗಂಗಾವತಿಯಲ್ಲಿ ನೀರು ಹೆಚ್ಚಾಗಿ ಮಣ್ಣು ಸವುಳಾದ ತೊಂದರೆ. ಅಲ್ಲಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವುಳು ಮಣ್ಣಿನ ಸುಧಾರಣೆಯೇ ಒಂದು ಮುಖ್ಯ ಅಧ್ಯಯನ. ಯಲಬುರ್ಗಾದ ಎರೆಭೂಮಿಯೂ ಕುಷ್ಟಗಿಯ ಕೆಂಪು ಮಸಾರಿಯೂ ಮುಗಿಲನ್ನೇ ನಂಬಿವೆ. ಕೊಪ್ಪಳದ ಸುತ್ತ ಗಿಣಿಗೇರಾ, ಅಲ್ಲಾನಗರ, ಹಿರೇಬಗನಾಳದ ಕಡೆ ಉಕ್ಕು ಮತ್ತು ಮೆದುಕಬ್ಬಿಣದ ಕಾರ್ಖಾನೆಗಳ ಕರಿಧೂಳು. ಎಲೆಯ ಮೇಲೆ ಕುಳಿತ ಧೂಳು ಬೆಳಕನ್ನು ತಡೆಯುತ್ತದೆ, ಪತ್ರರಂಧ್ರಗಳನ್ನು ಮುಚ್ಚುತ್ತದೆ. ಹತ್ತಿಯ ಬಿಳುಪು ಕೆಡುತ್ತದೆ, ಮೇವು ದನಕ್ಕೆ ರುಚಿಸುವುದಿಲ್ಲ. ಇದನ್ನು ತಿಳಿಯಲು ಪ್ರಯೋಗಾಲಯ ಬೇಕಿಲ್ಲ, ಬೆರಳಿನಿಂದ ಎಲೆಯನ್ನು ಒರೆಸಿ ನೋಡಿದರೆ ಸಾಕು.

ಈ ಧೂಳಿನ ಸಂಗತಿಯೇ 2025ರಲ್ಲಿ ದೊಡ್ಡ ಜನಾಂದೋಲನವಾಯಿತು. ಆ ವರ್ಷದ ಫೆಬ್ರವರಿಯಲ್ಲಿ ಬೆಂಗಳೂರಿನ ಹೂಡಿಕೆದಾರರ ಸಮಾವೇಶದಲ್ಲಿ ಬಲ್ದೋಟ ಸಮೂಹವು ಕೊಪ್ಪಳ ನಗರಕ್ಕೆ ಅಂಟಿಕೊಂಡಂತೆಯೇ 54,000 ಕೋಟಿ ರೂಪಾಯಿಗಳ ಉಕ್ಕಿನ ಕಾರ್ಖಾನೆಯನ್ನು ಸ್ಥಾಪಿಸುವ ಒಪ್ಪಂದ ಪ್ರಕಟವಾಯಿತು. ಫೆಬ್ರವರಿ 24ರಂದು ಕೊಪ್ಪಳ ಬಂದ್ ಆಯಿತು. ಗವಿಮಠದ ಗವಿಸಿದ್ಧೇಶ್ವರ ಸ್ವಾಮಿಗಳ ಮುಂದಾಳುತನದಲ್ಲಿ ಜನಸಾಗರವೇ ಬೀದಿಗಿಳಿಯಿತು. ಕಾರ್ಖಾನೆಯನ್ನು ನಿಲ್ಲಿಸುವ ಹೊಣೆಯನ್ನು ಸ್ವಾಮಿಗಳು ಜಿಲ್ಲೆಯ ಜನಪ್ರತಿನಿಧಿಗಳ ಹೆಗಲಿಗೇ ಏರಿಸಿದರು. ಮಾರ್ಚ್ 3ರಂದು ಬಜೆಟ್ ಅಧಿವೇಶನ ಆರಂಭವಾಯಿತು. ಅದೇ ವಾರದಲ್ಲಿ ಜಿಲ್ಲೆಯ ಸರ್ವಪಕ್ಷ ನಿಯೋಗವು ಮುಖ್ಯಮಂತ್ರಿ ಸಿದ್ದರಾಮಯ್ಯನವರನ್ನು ಕಂಡಿತು. ಕಾಮಗಾರಿಯನ್ನು ನಿಲ್ಲಿಸುವಂತೆ ಅವರು ಮೌಖಿಕ ಸೂಚನೆ ಕೊಟ್ಟರು. ಅಧಿವೇಶನದ ನಡುವೆ ಕೊಪ್ಪಳಕ್ಕೆ ಮುಟ್ಟಿದ ಸುದ್ದಿ ಅದು. ಜನ ಸಂತೋಷಪಟ್ಟರು, ಪಡುವುದು ನ್ಯಾಯವೇ ಆಗಿತ್ತು.

ಈಗ ತೂರುವ ಕೆಲಸ. ಶಾಸಕರು ಅಧಿವೇಶನದಿಂದ ತರುವ ಸುದ್ದಿಯಲ್ಲಿ ಮೂರು ತೂಕಗಳಿವೆ. ‘ನಾನು ಪ್ರಸ್ತಾಪಿಸಿದೆ’ ಎಂಬುದು ಮೊದಲನೆಯದು. ಶೂನ್ಯ ವೇಳೆಯಲ್ಲಿ ಎದ್ದು ನಿಂತು ಎರಡು ಮಾತು ಹೇಳಿದರೂ ಅದು ಪ್ರಸ್ತಾಪವೇ, ಸರ್ಕಾರ ಅದಕ್ಕೆ ಬದ್ಧವಾಗಬೇಕಾದ್ದಿಲ್ಲ. ಎರಡನೆಯದು ಪ್ರಶ್ನೋತ್ತರ ವೇಳೆಯಲ್ಲಿಯೋ ಗಮನ ಸೆಳೆಯುವ ಸೂಚನೆಗೋ ಸಚಿವರು ಕೊಟ್ಟ ಉತ್ತರ. ಇದು ಕಡತಕ್ಕೆ ಸೇರುತ್ತದೆ. ಮೂರನೆಯದು ಸಂಖ್ಯೆ ಮತ್ತು ದಿನಾಂಕವುಳ್ಳ ಸರ್ಕಾರಿ ಆದೇಶ. ಸದನದಲ್ಲಿ ಸಚಿವರು ‘ಕ್ರಮ ಕೈಗೊಳ್ಳಲಾಗುವುದು’ ಎಂದರೆ ಆ ಮಾತು ಭರವಸೆಯಾಗುತ್ತದೆ. ಅದನ್ನು ಬೆನ್ನುಹತ್ತಿ ಕೇಳುವುದಕ್ಕಾಗಿಯೇ ಸರ್ಕಾರಿ ಭರವಸೆಗಳ ಸಮಿತಿ ಎಂಬ ಒಂದು ಸಮಿತಿ ಇದೆ. ಅದೇ ಮಾತನ್ನು ಸದನದ ಹೊರಗೆ, ನಿಯೋಗವೊಂದರ ಎದುರಿನಲ್ಲಿ ಆಡಿದರೆ ಸಮಿತಿಗೆ ಅದರ ಮೇಲೆ ಹಿಡಿತವಿಲ್ಲ. ಹೇಳಿದವರು ಎಷ್ಟೇ ದೊಡ್ಡವರಾಗಿದ್ದರೂ, ಅವರ ಉದ್ದೇಶ ಎಷ್ಟೇ ಪ್ರಾಮಾಣಿಕವಾಗಿದ್ದರೂ ಸ್ಥಿತಿ ಇಷ್ಟೇ. ಆದಕಾರಣ ಮೌಖಿಕ ಸೂಚನೆ ಬಂದ ದಿನವೇ ಕೇಳಬೇಕಾಗಿದ್ದ ಪ್ರಶ್ನೆಯೆಂದರೆ, ‘ಇದನ್ನು ಸದನದಲ್ಲಿ ಯಾವಾಗ ಹೇಳಿಸುತ್ತೀರಿ, ಲಿಖಿತ ಆದೇಶದ ಸಂಖ್ಯೆ ಏನು?’ ಎಂಬುದು. ಅದೇ ವರ್ಷದ ಕೊನೆಯ ಭಾಗದಲ್ಲಿ ಕೊಪ್ಪಳದ ಜನ ಮತ್ತೆ ಧರಣಿ ಕೂರಬೇಕಾಯಿತು ಎಂಬುದನ್ನು ನೆನೆದರೆ ಆ ಪ್ರಶ್ನೆಯ ಬೆಲೆ ತಿಳಿಯುತ್ತದೆ.

ಇನ್ನು ಅಣೆಕಟ್ಟಿನ ಸಂಗತಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಜಲಾಶಯ ಆಗ ತುಂಬಿತ್ತು. ಹರಿಯುತ್ತಿದ್ದ ನೀರಿನಲ್ಲೇ ತಾತ್ಕಾಲಿಕ ಗೇಟಿನ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ಅದನ್ನು ಮುಚ್ಚಿದ ಕನ್ನಯ್ಯ ನಾಯ್ಡು ಮತ್ತು ಕಾರ್ಮಿಕರ ಸಾಹಸವನ್ನು ನಾವೆಲ್ಲ ಓದಿದ್ದೇವೆ. ಉಳಿದ ಗೇಟುಗಳೂ ಸವೆದಿರುವುದು ತಪಾಸಣೆಯಿಂದ ತಿಳಿಯಿತು. 2025ರ ಮುಂಗಾರಿನಲ್ಲಿ ಸಂಗ್ರಹವನ್ನು 80 ಟಿಎಂಸಿಗೆ ಮಿತಿಗೊಳಿಸಿದರು. ಗೇಟುಗಳ ಬದಲಾವಣೆಗಾಗಿ ಎರಡನೇ ಬೆಳೆಗೆ ನೀರು ಬಿಡುವುದಿಲ್ಲವೆಂಬ ತೀರ್ಮಾನ ಆ ವರ್ಷದ ನವೆಂಬರಿನಲ್ಲಿ ಹೊರಬಿತ್ತು.

ಕೃಷಿ ವಿಜ್ಞಾನಿಯಾಗಿ ನನಗೆ ಮುಖ್ಯವಾಗಿ ಕಾಣುವುದು ಆ ತಿಂಗಳು. ಗಂಗಾವತಿ, ಕಾರಟಗಿಗಳ ರೈತ ಎರಡನೇ ಭತ್ತಕ್ಕೆ ಸಸಿಮಡಿ ಹಾಕುವುದು ನವೆಂಬರ್–ಡಿಸೆಂಬರಿನಲ್ಲಿ. ನೀರಿಲ್ಲವೆಂದು ಮೊದಲೇ ತಿಳಿದರೆ ಅವನು ಬೀಜ, ಗೊಬ್ಬರದ ಸಾಲ ಮಾಡುವುದಿಲ್ಲ. ಗದ್ದೆಯ ಉಳಿದ ತೇವದಲ್ಲಿ ಕಡಲೆ ಬಿತ್ತೋಣವೆಂದರೆ ಅದಕ್ಕೂ ನವೆಂಬರ್ ಕಳೆದರೆ ತಡವಾಯಿತು. ಕೂಲಿಯವರು ಬೇರೆಡೆಗೆ ಹೋಗಬೇಕೇ ಬೇಡವೇ ಎಂಬುದೂ ಆಗಲೇ ತೀರ್ಮಾನವಾಗಬೇಕು. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ಸೇರುವುದು ಬಹುಮಟ್ಟಿಗೆ ಡಿಸೆಂಬರಿನಲ್ಲಿ. ಶಾಸಕರು ಅಲ್ಲಿ ಎಷ್ಟು ಗಟ್ಟಿಯಾಗಿ ಮಾತನಾಡಿದರೂ ಅಷ್ಟರಲ್ಲಿ ಸಸಿಮಡಿಯ ಹದ ಮುಗಿದಿರುತ್ತದೆ. ಆದುದರಿಂದ ಈ ಪ್ರಶ್ನೆಯ ಕಾಲ ಮುಂಗಾರು ಅಧಿವೇಶನವೇ: ಗೇಟು ಬದಲಾಯಿಸುವ ವೇಳಾಪಟ್ಟಿ ಏನು, ಎರಡನೇ ಬೆಳೆಯ ತೀರ್ಮಾನವನ್ನು ಯಾವ ದಿನಾಂಕದೊಳಗೆ ಪ್ರಕಟಿಸುತ್ತೀರಿ, ನೀರಿಲ್ಲದಿದ್ದರೆ ಪರಿಹಾರವೇನು? ಇಲ್ಲಿ ಇನ್ನೊಂದು ತೊಡಕಿದೆ. ಅಣೆಕಟ್ಟಿನ ನಿರ್ವಹಣೆ ತುಂಗಭದ್ರಾ ಮಂಡಳಿಯದು. ನೀರಿನಲ್ಲಿ ಆಂಧ್ರ, ತೆಲಂಗಾಣಗಳಿಗೂ ಪಾಲಿದೆ. ‘ಅದು ಮಂಡಳಿಯ ವ್ಯಾಪ್ತಿ’ ಎಂದು ಸಚಿವರು ಜಾರಿಕೊಳ್ಳುವುದು ಸುಲಭ. ಹಾಗಾಗಿ ‘ಮಂಡಳಿಗೆ ರಾಜ್ಯ ಸರ್ಕಾರ ಯಾವ ದಿನಾಂಕದಂದು ಏನೆಂದು ಬರೆದಿದೆ’ ಎಂದು ಕೇಳಬೇಕು. ಅದಕ್ಕೆ ಜಾರಲು ದಾರಿಯಿಲ್ಲ.

ಹೂಳಿನ ವಿಚಾರವಾಗಿಯೂ ಒಂದು ಮಾತು. ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಈಗ 105.788 ಟಿಎಂಸಿಗೆ ಇಳಿದಿದೆ. ಅದನ್ನು ತುಂಬಲು ನವಲಿಯ ಬಳಿ ಸಮತೋಲನ ಜಲಾಶಯ ಕಟ್ಟಬೇಕೆಂಬ ಪ್ರಸ್ತಾಪ ಅಧಿವೇಶನದಿಂದ ಅಧಿವೇಶನಕ್ಕೆ ಸಾಗುತ್ತಲೇ ಇದೆ. ಹೂಳೆಲ್ಲ ಮಲೆನಾಡಿನಿಂದ ಬಂತೆನ್ನುವವರಿದ್ದಾರೆ. ಜಲಾಶಯದ ಜಲಾನಯನ ಸುಮಾರು 28,000 ಚದರ ಕಿಲೋಮೀಟರ್. ಅದರಲ್ಲಿ ಬಯಲುಸೀಮೆಯ ಉಳುಮೆಯ ಭೂಮಿಯೂ ಗಣಿಯ ಗುಡ್ಡಗಳೂ ಸೇರಿವೆ. ಹಾಗೆಂದು ನಾವು ಕೈತೊಳೆದುಕೊಳ್ಳುವಂತಿಲ್ಲ. ಕುದುರೆಮುಖದ ಗಣಿಗಾರಿಕೆ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ 2005ರ ಕೊನೆಗೆ ನಿಲ್ಲುವವರೆಗೆ ಭದ್ರೆ ಕೆಂಪಾಗಿ ಹರಿದದ್ದನ್ನು ಇಲ್ಲಿಯ ಹಿರಿಯರು ಕಂಡಿದ್ದಾರೆ. ಅಲ್ಲಿಯ ಶಾಸಕರು ನವಲಿಯನ್ನು ಕೇಳುವಾಗ ಇಲ್ಲಿಯ ಶಾಸಕರು ಜಲಾನಯನದ ಮಣ್ಣುರಕ್ಷಣೆಯನ್ನು ಕೇಳಿದರೆ ಎರಡೂ ಒಂದೇ ಪ್ರಶ್ನೆಯಾಗುತ್ತವೆ. ಇನ್ನೊಂದನ್ನೂ ನಿಷ್ಠುರವಾಗಿಯೇ ಹೇಳುತ್ತೇನೆ. ಎಡದಂಡೆ ಕಾಲುವೆಯ ಮೇಲ್ಭಾಗದಲ್ಲಿ ಮಂಜೂರಾತಿ ಮೀರಿ ಭತ್ತ ಬೆಳೆಯುವುದರಿಂದ ಕೊನೆಯ ಭಾಗದ ರೈತರಿಗೆ ನೀರು ಮುಟ್ಟುವುದಿಲ್ಲ. ಮೇಲ್ಭಾಗದ ಮಣ್ಣೂ ಸವುಳಾಗುತ್ತದೆ. ಇದನ್ನು ತಮ್ಮದೇ ಮತದಾರರಿಗೆ ಬಿಡಿಸಿ ಹೇಳುವ ಶಾಸಕರ ವರದಿಯನ್ನು ನಾನು ಇನ್ನೂ ಕಂಡಿಲ್ಲ.

ಕುಷ್ಟಗಿ, ಯಲಬುರ್ಗಾಗಳ ಕಡೆ ಕೇಳಿಬರುವ ಮಾತು ಕೃಷ್ಣೆಯದು. ಎರಡನೇ ಕೃಷ್ಣಾ ನ್ಯಾಯಾಧಿಕರಣ 2010ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಿತು, ಆಲಮಟ್ಟಿಯನ್ನು 524.256 ಮೀಟರಿಗೆ ಏರಿಸಬೇಕು, ಅದಾದ ಮೇಲೆ ಏತ ನೀರಾವರಿಯಿಂದ ಈ ಮೇಲ್ಭೂಮಿಗೆ ನೀರು ಎಂಬುದು ಯೋಜನೆ. ಮುಳುಗಡೆ ರೈತರ ಪರಿಹಾರದ ದರವನ್ನು ಸಚಿವ ಸಂಪುಟ ನಿಗದಿ ಮಾಡಿದ್ದು 2025ರ ಸೆಪ್ಟೆಂಬರಿನಲ್ಲಿ. ‘ಕೃಷ್ಣೆ ಬಂದೇ ಬರುತ್ತಾಳೆ’ ಎಂದು ಕರಪತ್ರದಲ್ಲಿ ಅಚ್ಚಾದಾಗಲೆಲ್ಲ, ನ್ಯಾಯಾಧಿಕರಣದ ತೀರ್ಪು ಕೇಂದ್ರದ ರಾಜಪತ್ರದಲ್ಲಿ ಪ್ರಕಟವಾಗಿದೆಯೇ ಎಂಬ ಒಂದನ್ನು ಓದುಗರು ಕೇಳಿದರೆ ಸಾಕು.

ಪ್ರತಿನಿಧಿಯ ಸ್ಥಾನವೇ ತೆರವಾದರೆ ಏನಾಗುತ್ತದೆ ಎಂಬುದನ್ನೂ ಈ ಜಿಲ್ಲೆ ಅದೇ ವರ್ಷ ಕಂಡಿತು. 2025ರ ಮಾರ್ಚ್ 21ರಂದು, ಅಧಿವೇಶನದ ಕೊನೆಯ ದಿನ, ವಿಧಾನಸಭೆಯಿಂದ ಆರು ತಿಂಗಳಿಗೆ ಅಮಾನತಾದ 18 ಸದಸ್ಯರಲ್ಲಿ ಕುಷ್ಟಗಿಯ ದೊಡ್ಡನಗೌಡ ಪಾಟೀಲರೂ ಒಬ್ಬರು. ಮೇ ತಿಂಗಳ ಕೊನೆಯಲ್ಲಿ ಆ ಅಮಾನತು ರದ್ದಾಯಿತು. ಗಂಗಾವತಿಯ ಜಿ. ಜನಾರ್ದನ ರೆಡ್ಡಿಯವರ ಸದಸ್ಯತ್ವ ಓಬಳಾಪುರಂ ಗಣಿ ಪ್ರಕರಣದ ಶಿಕ್ಷೆಯ ಕಾರಣ ಮೇ ತಿಂಗಳಲ್ಲಿ ಅನರ್ಹಗೊಂಡು, ತೆಲಂಗಾಣ ಹೈಕೋರ್ಟ್ ಜೂನ್‌ನಲ್ಲಿ ಶಿಕ್ಷೆಯನ್ನು ಅಮಾನತಿನಲ್ಲಿಟ್ಟ ಮೇಲೆ ಮರಳಿತು. ಸರಿ ತಪ್ಪುಗಳನ್ನು ನಾನಿಲ್ಲಿ ವಿಚಾರಿಸುತ್ತಿಲ್ಲ. ಆ ಮೇ ತಿಂಗಳಲ್ಲಿ ಕೆಲವು ದಿನ ಜಿಲ್ಲೆಯ ಐದು ಸ್ಥಾನಗಳಲ್ಲಿ ಎರಡಕ್ಕೆ ಸಮಿತಿಗಳಲ್ಲಿಯೂ ದನಿಯಿರಲಿಲ್ಲ. ಸದನ ಸೇರಿರದ ಕಾರಣ ಅದು ಯಾರ ಗಮನಕ್ಕೂ ಬರಲಿಲ್ಲ. ವರ್ಷಕ್ಕೆ ಕನಿಷ್ಠ 60 ದಿನ ಅಧಿವೇಶನ ನಡೆಯಬೇಕೆಂದು 2005ರಲ್ಲಿ ನಮ್ಮ ವಿಧಾನಮಂಡಲವೇ ಕಾಯಿದೆ ಮಾಡಿಕೊಂಡಿದೆ. ಸದನ ಎಷ್ಟು ದಿನ ಸೇರಿತು, ತಾವು ಎಷ್ಟು ದಿನ ಹಾಜರಿದ್ದರು ಎಂಬುದು ಶಾಸಕರ ವರದಿಯ ಮೊದಲ ಸಾಲಾಗಿರಬೇಕು.

ಹಣದ ವಿಚಾರವನ್ನು ಬೇಗ ಮುಗಿಸುತ್ತೇನೆ. ಸಂವಿಧಾನದ 371(ಜೆ) ವಿಧಿಯಂತೆ ಕಲ್ಯಾಣ ಕರ್ನಾಟಕದ ಅಭಿವೃದ್ಧಿ ಮಂಡಳಿಯ ಕಾರ್ಯವರದಿಯನ್ನು ಪ್ರತಿವರ್ಷ ವಿಧಾನಸಭೆಯ ಮುಂದಿಡಬೇಕು. 2025–26ರ ಬಜೆಟ್ಟಿನಲ್ಲಿ ಈ ಮಂಡಳಿಗೆ ಘೋಷಿಸಿದ್ದು 5,000 ಕೋಟಿ ರೂಪಾಯಿ. ಘೋಷಣೆ, ಬಿಡುಗಡೆ, ಖರ್ಚು ಇವು ಮೂರು ಬೇರೆ ಬೇರೆ ಅಂಕಿಗಳು. ಕರಪತ್ರಗಳಲ್ಲಿ ಕಾಣುವುದು ಬಹುತೇಕ ಮೊದಲನೆಯದು.

ವಿದ್ಯಾರ್ಥಿ ಮಿತ್ರರು ಈಗ ನಮ್ಮ ಊರಿಗೆ ಬರಬೇಕು. ಅಡಿಕೆಯ ಎಲೆಚುಕ್ಕೆ ರೋಗದ ಬಗ್ಗೆ ‘ಸರ್ಕಾರ ಏನು ಕ್ರಮ ಕೈಗೊಂಡಿದೆ’ ಎಂದು ನಮ್ಮ ಶಾಸಕರು ಕೇಳಿದರೆ ‘ಅಗತ್ಯ ಕ್ರಮ ಕೈಗೊಳ್ಳಲಾಗುತ್ತಿದೆ’ ಎಂಬ ಉತ್ತರ ಬರುತ್ತದೆ, ಎರಡು ನಿಮಿಷದ ದೃಶ್ಯವೂ ಮೊಬೈಲಿಗೆ ಬರುತ್ತದೆ. ತಾಲ್ಲೂಕುವಾರು ರೋಗ ತಗುಲಿದ ವಿಸ್ತೀರ್ಣವೆಷ್ಟು ಹೆಕ್ಟೇರ್, ಔಷಧಿಯ ಸಹಾಯಧನ ಬಿಡುಗಡೆಯಾದದ್ದು ಯಾವ ದಿನಾಂಕದಂದು, ಅದು ಮೊದಲ ಸಿಂಪಡಣೆಯ ಮುನ್ನವೋ ಅನಂತರವೋ ಎಂದು ಕೇಳಿದರೆ ಇಲಾಖೆ ಅಂಕಿಯನ್ನು ಕೊಡಲೇಬೇಕಾಗುತ್ತದೆ. ಪ್ರಶ್ನೆಯ ಸೂಚನೆಯನ್ನು ಅಧಿವೇಶನಕ್ಕೆ ಮೊದಲೇ ಕೊಡಬೇಕಾದುದರಿಂದ ಶಾಸಕರ ಕೈಗೆ ನಮ್ಮ ಕರಡು ಅದಕ್ಕೂ ಮುಂಚೆ ಸೇರಬೇಕು. ಉತ್ತರಗಳು ವಿಧಾನಮಂಡಲದ ಜಾಲತಾಣದಲ್ಲಿ ಸಿಗುತ್ತವೆ. ಸಿಗದವನ್ನು ಮಾಹಿತಿ ಹಕ್ಕಿನ ಕಾಯಿದೆಯಡಿ ಪಡೆಯಬಹುದು.

ಇಂತಹ ನಾಲ್ಕು ಪ್ರಶ್ನೆಗಳ ಕರಡನ್ನು ಬರೆದು ತಂದಿದ್ದೇನೆ, ಹಿಂದಿನ ಮೇಜಿನ ಮೇಲಿದೆ. ಐದನೆಯದಕ್ಕೆ ಜಾಗ ಖಾಲಿ ಬಿಟ್ಟಿದ್ದೇನೆ. ತಮ್ಮ ತಮ್ಮ ಊರಿನ ಹೆಸರು, ತೋಟದ ವಿಸ್ತೀರ್ಣ, ರೋಗ ಕಂಡ ತಿಂಗಳು ಇಷ್ಟನ್ನು ಅದರಲ್ಲಿ ತುಂಬಿಕೊಟ್ಟರೆ ಮುಂದಿನ ಅಧಿವೇಶನದ ದಿನಾಂಕ ಪ್ರಕಟವಾಗುತ್ತಲೇ ಒಕ್ಕೂಟದ ಗೆಳೆಯರು ಶಾಸಕರಿಗೆ ಮುಟ್ಟಿಸುತ್ತಾರೆ, ಸ್ವೀಕೃತಿಯನ್ನೂ ಪಡೆಯುತ್ತಾರೆ.