ಮನಸ್ಸಿನ ಕಾಯಿಲೆ ಮತ್ತು ನಮ್ಮೂರ ಮಾತು

(ಸಂಘದ ಬೆಳ್ಳಿ ಹಬ್ಬದ ಎರಡನೆಯ ದಿನದ ಆರೋಗ್ಯ ಗೋಷ್ಠಿಯಲ್ಲಿ ನಿವೃತ್ತ ವೈದ್ಯಾಧಿಕಾರಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ಕಾರ್ಯದರ್ಶಿಗಳು ಬಂದು ಕರೆದಾಗ ನಾನು ಸಕ್ಕರೆ ಕಾಯಿಲೆ, ಬಿ.ಪಿ. ಬಗ್ಗೆ ನಾಲ್ಕು ಮಾತು ಹೇಳಿ ಹೋಗುತ್ತೇನೆಂದು ಎಣಿಸಿದ್ದರು. ಮನಸ್ಸಿನ ಕಾಯಿಲೆ ಬಗ್ಗೆ ಮಾತಾಡ್ತೀನಿ ಅಂದೆ. "ಹಬ್ಬದ ದಿನ ಅದ್ಯಾಕೆ ಸಾರ್?" ಅಂದರು. ಯಾಕೆ ಅಂತ ಹೇಳುತ್ತೇನೆ.

ಸಹಕಾರ ಸಂಘ ಎಂಬುದು ನಮ್ಮ ಹಿರಿಯರು ಕಂಡುಹಿಡಿದದ್ದಲ್ಲ. ಮಾದರಿ ಜರ್ಮನಿಯದು, 1904ರಲ್ಲಿ ಕಾಯಿದೆ ಮಾಡಿದ್ದು ಬ್ರಿಟಿಷ್ ಸರ್ಕಾರ. ಮರುವರ್ಷವೇ ಗದಗಿನ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದರು. ಪರದೇಶದ ಕಾಯಿದೆ ಊರಿನದಾಯಿತು. ಸಾಲ ಕೊಡೋರು, ತಗೊಳ್ಳೋರು, ಜಾಮೀನು ನಿಲ್ಲೋರು ಎಲ್ಲಾ ಒಂದೇ ಊರಿನವರು. ಯಾರ ಮನೆಯಲ್ಲಿ ಏನು ಕಷ್ಟ ಅಂತ ಅರ್ಜಿ ನೋಡದೆಯೇ ಗೊತ್ತಾಗುತ್ತಿತ್ತು.

ಅದೇ ಸರ್ಕಾರ ಇನ್ನೊಂದನ್ನೂ ತಂದಿತು: ಹುಚ್ಚಾಸ್ಪತ್ರೆ. ಅದಕ್ಕೆ 1858ರಲ್ಲಿ ಒಂದು ಕಾಯಿದೆ, 1912ರಲ್ಲಿ ಮತ್ತೊಂದು. ಮ್ಯಾಜಿಸ್ಟ್ರೇಟರು ಆದೇಶ ಬರೆದರೆ ರೋಗಿ ಗೋಡೆಯ ಒಳಗೆ, ಮನೆಯವರು ಹೊರಗೆ. ರಾಂಚಿಯಲ್ಲಿ 1918ರಲ್ಲಿ ಯುರೋಪಿಯನ್ನರಿಗೆಂದೇ ಬೇರೆ ಆಸ್ಪತ್ರೆ ತೆರೆದರು; ಬುದ್ಧಿ ಕೆಟ್ಟ ಮೇಲೂ ಬಣ್ಣ ನೋಡುವುದು ಬಿಡಲಿಲ್ಲ! ಸ್ವಾತಂತ್ರ್ಯ ಬಂದರೂ 1912ರ ಆ ಕಾಯಿದೆ 1993ರವರೆಗೆ ನಮ್ಮ ತಲೆಯ ಮೇಲೆ ಕೂತಿತ್ತು. ಸಾಲದ ಸಂಘ ನಮ್ಮದಾಯಿತು, ಹುಚ್ಚಾಸ್ಪತ್ರೆ ಆಗಲಿಲ್ಲ. ಈಗಲೂ ಆ ಹೆಸರು ಎತ್ತಿದರೆ ಹೆಣ್ಣು ಕೊಡೋರು ಹಿಂದೆ ಸರೀತಾರೆ.

ಹಾಗಾಗಿ ಜನ ದೇವಸ್ಥಾನಕ್ಕೋ ದರ್ಗಾಕ್ಕೋ ಹೋದರು. ನನ್ನ ವೃತ್ತಿಯವರು ಇದನ್ನು ನೋಡಿ ನಗುವುದುಂಟು. ನಾನೂ ನಕ್ಕವನೇ. ಆದರೆ ನಮ್ಮ ನಿಮ್ಹಾನ್ಸ್‌ನ ವೈದ್ಯರೇ ತಮಿಳುನಾಡಿನ ಒಂದು ಹಳ್ಳಿಯ ಗುಡಿಗೆ ಹೋಗಿ, ಅಲ್ಲಿ ಬಂದು ತಂಗಿದ್ದ 31 ಮಂದಿಯನ್ನು ಅಳೆದು ನೋಡಿದರು. 2002ರಲ್ಲಿ ವರದಿ ಪ್ರಕಟವಾಯಿತು. ಹೊಡೆತವಿಲ್ಲ, ವಿಶೇಷ ಶಾಂತಿ ಹೋಮವಿಲ್ಲ. ಮನೆಯವರೊಬ್ಬರು ಜೊತೆಗಿರಬೇಕು, ಗುಡಿಯ ಸಣ್ಣಪುಟ್ಟ ಕೆಲಸ ಮಾಡಬೇಕು, ಅಷ್ಟೆ. ರೋಗದ ಲಕ್ಷಣಗಳು ಸುಮಾರು ಶೇ. 20ರಷ್ಟು ಇಳಿದಿದ್ದವು. ಅದೇ ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಗುಡಿಸಲಿಗೆ ಬೆಂಕಿ ಬಿದ್ದಾಗ, ಸರಪಳಿ ಬಿಗಿದಿದ್ದ ರೋಗಿಗಳು ಓಡಲಾರದೆ ಸುಟ್ಟುಹೋದರು. ಸತ್ತವರು 28 ಮಂದಿ. ಎರಡನ್ನೂ ಒಟ್ಟಿಗೆ ನೆನಪಿಟ್ಟುಕೊಳ್ಳಿ ಅಂತ ಕೇಳಿಕೊಳ್ಳುತ್ತೇನೆ. ನಂಬಿಕೆ ಇರಲಿ, ಸರಪಳಿ ಬೇಡ. ಗುಡಿಗೂ ಹೋಗಿ, ಮಾತ್ರೆ ಮಾತ್ರ ನಿಲ್ಲಿಸಬೇಡಿ.

ಆಸ್ಪತ್ರೆಯನ್ನು ನಮ್ಮ ರೀತಿಗೆ ಒಗ್ಗಿಸಿಕೊಂಡವರೂ ಇದ್ದಾರೆ. ಅಮೃತಸರದಲ್ಲಿ 1950ರ ದಶಕದಲ್ಲಿ ಡಾ. ವಿದ್ಯಾಸಾಗರ್ ಅವರು ಆಸ್ಪತ್ರೆಯ ಬಯಲಲ್ಲಿ ಗುಡಾರ ಹಾಕಿಸಿ, ರೋಗಿಯ ಜೊತೆ ಮನೆಯವರನ್ನೂ ಇರಿಸಿಕೊಂಡರು. ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ 1985ರಿಂದ ನಿಮ್ಹಾನ್ಸ್‌ನವರು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಹಳ್ಳಿಯ ಮಟ್ಟದಲ್ಲೇ ಮಾತ್ರೆ ಸಿಗುವ ಹಾಗೆ ಮಾಡಿದರು. ಅದನ್ನೇ ನೋಡಿ 1996ರಲ್ಲಿ ದೇಶಕ್ಕೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು.

ಆದರೆ ಮಾತ್ರೆ ಹಳ್ಳಿಗೆ ಬಂದರೆ ಸಾಲದು, ಕಿವಿಯೂ ಬರಬೇಕು. ಇದನ್ನು ನನ್ನ ತಪ್ಪಿನಿಂದಲೇ ಹೇಳುತ್ತೇನೆ. ಊರು ಯಾವುದೆಂದು ಬೇಡ. ನಲವತ್ತರ ಆಸುಪಾಸಿನ ಹೆಣ್ಣುಮಗಳು ಒಂದೇ ಮಳೆಗಾಲದಲ್ಲಿ ನಾಲ್ಕು ಸಲ ನನ್ನ ಹತ್ತಿರ ಬಂದಳು. "ಅಂಗಾಲು ಉರಿ, ಎದೆ ಡವಡವ, ತಲೆ ಒಳಗೆ ಜುಂ ಅಂತೈತೆ, ಜೀವಕ್ಕೆ ನೆಮ್ಮದಿ ಇಲ್ಲ ಸ್ವಾಮಿ." ನಾನು ಇಂಗ್ಲಿಷ್ ಪುಸ್ತಕದಲ್ಲಿ ಕಲಿತ ಪ್ರಶ್ನೆಯನ್ನು ಕನ್ನಡಕ್ಕೆ ತಿರುಗಿಸಿ, "ಮನಸ್ಸಿಗೆ ಬೇಸರ ಇದೆಯಾ ತಾಯಿ?" ಎಂದು ಕೇಳಿದೆ. "ಬೇಸರ ಮಾಡ್ಕೊಂಡು ಕೂತ್ರೆ ಹಸ ಕರೆಯೋರು ಯಾರು?" ಅಂದಳು. ಬೇಸರ ಇಲ್ಲ ಅಂತ ಬರೆದುಕೊಂಡೆ. ನಾಲ್ಕು ಸಲವೂ ಬಿ ಕಾಂಪ್ಲೆಕ್ಸ್ ಸೂಜಿ ಚುಚ್ಚಿ ಕಳಿಸಿದೆ.

ಅವಳನ್ನು ಉಳಿಸಿದ್ದು ನಾನಲ್ಲ, ಹಾಲಿನ ಡೇರಿಯ ಹುಡುಗ. ಎರಡು ಹೊತ್ತು ಅವಳ ಹಾಲು ಬರಲಿಲ್ಲ ಅಂತ ಪುಸ್ತಕ ನೋಡಿ, ಸೈಕಲ್ ಹತ್ತಿ ಮನೆ ಕಡೆ ಹೋದ. ಅವಳು ಬಾವಿಕಟ್ಟೆಯ ಮೇಲೆ ಕೂತಿದ್ದಳು, ಮಡಿಲಲ್ಲಿ ಕಲ್ಲು ಕಟ್ಟಿಕೊಂಡು. ಮಾತಾಡಿಸುತ್ತಾ ಕೂತ, ಕರೆದುಕೊಂಡು ಬಂದ. ಆಮೇಲೆ ಚಿಕಿತ್ಸೆಯಾಯಿತು, ಗುಣವಾದಳು. ಅಂಗಾಲು ಉರಿ, ಜುಂ ಅನ್ನುವುದು, ನೆಮ್ಮದಿ ಇಲ್ಲದಿರುವುದು — ನಮ್ಮ ಹೆಣ್ಣುಮಕ್ಕಳು ದುಃಖವನ್ನು ಹೇಳುವ ಭಾಷೆ ಇದೇ. ಅವಳು ಹೇಳಿದ್ದಳು, ನನಗೆ ಕೇಳಿಸಲಿಲ್ಲ.

ಇಂಥ ಮಾತನ್ನು ಕೇಳಿಸಿಕೊಂಡವರ ಕತೆ ಆಫ್ರಿಕದ ಜಿಂಬಾಬ್ವೆಯಿಂದ ಹೇಳುತ್ತೇನೆ. ನಮ್ಮ ಹಾಗೆಯೇ ಬ್ರಿಟಿಷರ ಕೈಕೆಳಗಿದ್ದ ದೇಶ, 1980ರಲ್ಲಿ ಸ್ವತಂತ್ರವಾಯಿತು. ಮನೋವೈದ್ಯರು ಇಡೀ ದೇಶಕ್ಕೆ ಬೆರಳೆಣಿಕೆಯಷ್ಟು. ಅವರಲ್ಲೊಬ್ಬರಾದ ಡಿಕ್ಸನ್ ಚಿಬಾಂಡ ಅವರ ರೋಗಿಯೊಬ್ಬಳು ಬಸ್ ಚಾರ್ಜಿಗೆ ದುಡ್ಡಿಲ್ಲದೆ ಆಸ್ಪತ್ರೆಗೆ ಬರಲಾಗದೆ ಪ್ರಾಣ ಕಳೆದುಕೊಂಡಳು. ಅವರು ಹರಾರೆ ನಗರದಲ್ಲಿ 2006ರಲ್ಲಿ 14 ಮಂದಿ ಅಜ್ಜಿಯರಿಗೆ ತರಬೇತಿ ಕೊಟ್ಟು, ಆರೋಗ್ಯ ಕೇಂದ್ರದ ಅಂಗಳದಲ್ಲಿ ಮರದ ಬೆಂಚು ಹಾಕಿಸಿದರು. ವೈದ್ಯರು ಮೊದಲು ಇಟ್ಟ ಹೆಸರು ಮಾನಸಿಕ ಆರೋಗ್ಯದ ಬೆಂಚು, ಯಾರೂ ಕೂರಲಿಲ್ಲ. ಅಜ್ಜಿಯರು ಹೆಸರು ಬದಲಾಯಿಸಿ ಅಂದರು, ಸ್ನೇಹದ ಬೆಂಚು ಆಯಿತು. ಜನ ಬಂದರು. ಖಿನ್ನತೆ ಎಂಬ ಪದವನ್ನೂ ಅಜ್ಜಿಯರು ಬಳಸುವುದಿಲ್ಲ. ಅವರ ಶೋನಾ ಭಾಷೆಯಲ್ಲಿ ಕುಫುಂಗಿಸಿಸ ಅಂತ ಮಾತಿದೆ, ಅತಿಯಾಗಿ ಯೋಚಿಸುವುದು ಎಂದರ್ಥ. ನಮ್ಮಲ್ಲಿ "ಪಾಪ, ಯೋಚನೆ ಹಚ್ಚಿಕೊಂಡಿದ್ದಾನೆ" ಅನ್ನೋದಿಲ್ಲವೇ, ಅದೇ. ಮೊದಲು ಪೂರ್ತಿ ಕೇಳುವುದು, ಆಮೇಲೆ ಇರುವ ಕಷ್ಟಗಳಲ್ಲಿ ಒಂದನ್ನು ಆರಿಸಿಕೊಂಡು ಅದಕ್ಕೊಂದು ದಾರಿ ಹುಡುಕುವುದು. ಇದರಿಂದ ನಿಜವಾಗಿ ಗುಣ ಕಾಣುತ್ತದೆಂದು 2016ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಸಾಬೀತಾಯಿತು.

ಈಗ ಸಂಘದ ವಿಷಯಕ್ಕೆ ಬರುತ್ತೇನೆ. ಕಂತು ತಪ್ಪಿದವರ ಪಟ್ಟಿ ಪ್ರತಿ ತಿಂಗಳೂ ನಿಮ್ಮ ಮೇಜಿನ ಮೇಲಿರುತ್ತದೆ. ನೋಟಿಸು ಕಳಿಸುವುದು ನಿಯಮ, ಕಳಿಸಿ. ಆದರೆ ಅದಕ್ಕೆ ಮುಂಚೆ ಒಬ್ಬ ನಿರ್ದೇಶಕರು ಆ ಮನೆಗೆ ಹೋಗಿ, ಸಾಲದ ಮಾತೆತ್ತದೆ, ಒಂದು ಲೋಟ ಕಾಫಿ ಕುಡಿದು ಬರಲಿ. ರಾತ್ರಿ ನಿದ್ದೆ ಬರ್ತದಾ, ಊಟ ಸೇರ್ತದಾ ಅಂತ ಕೇಳಲಿ. ಸಾಯುವ ಮಾತಾಡಿದರೆ ಒಬ್ಬರನ್ನೇ ಬಿಡಬೇಡಿ, ಮನೆಯಲ್ಲಿರುವ ಬೆಳೆಯ ಔಷಧಿ ಡಬ್ಬವನ್ನು ಸಂಘದ ಗೋದಾಮಿಗೆ ತಂದು ಬೀಗ ಹಾಕಿ. 14416 ಅಂತ ಒಂದು ದೂರವಾಣಿ ಸಂಖ್ಯೆ ಇದೆ, 2022ರಲ್ಲಿ ಸರ್ಕಾರ ಶುರು ಮಾಡಿದ್ದು. ದುಡ್ಡಿಲ್ಲ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ಗೊಬ್ಬರದ ದರ ಬರೆಯುವ ಕರಿಹಲಗೆಯ ಪಕ್ಕದಲ್ಲಿ ಇದನ್ನೂ ಬಣ್ಣದಲ್ಲಿ ಬರೆಸಬೇಕೆಂದು ಅಧ್ಯಕ್ಷರನ್ನು ಕೋರುತ್ತೇನೆ.

ಜಗಲಿಯ ಮೇಲಿನ ಆ ಹಳೆಯ ಕಲ್ಲುಬೆಂಚನ್ನು ಹೊಸ ಕಟ್ಟಡಕ್ಕಾಗಿ ತೆಗೆಸುತ್ತಾರೆಂದು ಕೇಳಿದೆ. ಅದನ್ನು ಇರಗೊಡಿ.