ಕರಿಹಲಗೆ ಕಾಣದ ಕಣ್ಣುಗಳು

(ಶತಮಾನೋತ್ಸವದ ಅಂಗವಾಗಿ ನಡೆದ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ಕರಿಹಲಗೆಯ ಮೇಲೆ ಬರೆದುದು ಎಲ್ಲ ಮಕ್ಕಳಿಗೂ ಕಾಣುತ್ತದೆ ಎಂದು ನಂಬಿಯೇ ನಾವು ಪಾಠ ಮಾಡುತ್ತ ಬಂದಿದ್ದೇವೆ. ಆ ನಂಬಿಕೆಯಿಂದ ಆದ ಒಂದು ತಪ್ಪನ್ನು ಈ ಸಂಭ್ರಮದ ಹೊತ್ತಿನಲ್ಲೇ ಒಪ್ಪಿಕೊಳ್ಳಬೇಕೆನಿಸಿದೆ.

ಮೂರನೆಯ ತರಗತಿಯಲ್ಲಿ ಕೊನೆಯ ಬೆಂಚಿನ ಬಾಲಕಿಯೊಬ್ಬಳು ಸದಾ ಪಕ್ಕದವಳ ಪುಸ್ತಕ ನೋಡಿ ಬರೆಯುತ್ತಿದ್ದಳು. ಸೋಮಾರಿಯೆಂದು ಗದರಿಸಿದೆವು. ಕಣ್ಣಿನ ತಪಾಸಣೆಗೆ ಬಂದವರು ತೂಗುಹಾಕಿದ ಫಲಕದಲ್ಲಿ ಇದ್ದುದು ಅವಳು ಇನ್ನೂ ಕಲಿಯದ ಮಲಯಾಳ ಅಕ್ಷರಗಳು. ಅವಳು ಸುಮ್ಮನೆ ನಿಂತಳು. ನಾಚಿಕೆಯ ಸ್ವಭಾವದವಳೆಂದು ನಾವೇ ಸಮಜಾಯಿಷಿ ಕೊಟ್ಟು ತರಗತಿಗೆ ಕಳುಹಿಸಿದೆವು.

ಕಣ್ಣು ಕೆಲಸ ಮಾಡುವ ಬಗೆಯನ್ನು ನಾವೇ ಪಾಠ ಹೇಳುತ್ತೇವೆ. ವಸ್ತುವಿನಿಂದ ಬಂದ ಬೆಳಕು ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದ ಮೂಲಕ ಒಳಹೊಗುತ್ತದೆ. ಬೆಳಕನ್ನು ಬಾಗಿಸುವ ಕೆಲಸದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಅಲ್ಲಿಯೇ ನಡೆಯುತ್ತದೆ. ಪಾಪೆ ಬೆಳಕಿಗೆ ತಕ್ಕಂತೆ ಹಿಗ್ಗಿ ಕುಗ್ಗುತ್ತದೆ. ಅದರ ಹಿಂದಿನ ಮಸೂರ ಹತ್ತಿರದ್ದಕ್ಕೆ ಉಬ್ಬಿ, ದೂರದ್ದಕ್ಕೆ ಚಪ್ಪಟೆಯಾಗುತ್ತದೆ. ಒಳಗಿನ ಅಕ್ಷಿಪಟಲದ ಮೇಲೆ ತಲೆಕೆಳಗಾದ ಬಿಂಬ ಮೂಡುತ್ತದೆ. ದೃಷ್ಟಿನರದ ಸುಮಾರು 10 ಲಕ್ಷ ತಂತುಗಳು ಅದರ ಸುದ್ದಿಯನ್ನು ಮಿದುಳಿಗೆ ಒಯ್ಯುತ್ತವೆ. ನೋಡುವುದು ಕಣ್ಣು, ಕಾಣುವುದು ಮಿದುಳು.

ಬೆಳೆದವರ ಕಣ್ಣುಗುಡ್ಡೆಯ ಉದ್ದ ಸುಮಾರು 24 ಮಿಲಿಮೀಟರ್. ಅದು ಒಂದೇ ಮಿಲಿಮೀಟರ್ ಹೆಚ್ಚಿದರೂ ದೂರದ ವಸ್ತುವಿನ ಬಿಂಬ ಅಕ್ಷಿಪಟಲಕ್ಕಿಂತ ಮುಂದೆಯೇ ಮೂಡಿ ಮಸುಕಾಗುತ್ತದೆ. ಇದು ಸಮೀಪದೃಷ್ಟಿ; ನಿಮ್ನ ಮಸೂರದ ಕನ್ನಡಕ ಇದನ್ನು ಸರಿಪಡಿಸುತ್ತದೆ. ಗುಡ್ಡೆ ಗಿಡ್ಡವಾದರೆ ದೂರದೃಷ್ಟಿ. ಅದಕ್ಕೆ ಪೀನ ಮಸೂರ. ನಲವತ್ತು ದಾಟಿದ ನಮ್ಮಂಥವರಿಗೆ ಮಸೂರ ಬಿರುಸಾಗಿ ಚಾಳೀಸು ಬರುತ್ತದೆ. ಮುಪ್ಪಿನಲ್ಲಿ ಅದೇ ಮಸೂರ ಮಬ್ಬಾದರೆ ಪೊರೆ ಎನ್ನುತ್ತೇವೆ. ಚಾಳೀಸಿಗೆ ಕನ್ನಡಕವಿದೆ, ಪೊರೆಗೆ ಶಸ್ತ್ರಚಿಕಿತ್ಸೆಯಿದೆ.

ಕಾಯದಿರುವುದು ಮಂದದೃಷ್ಟಿಯೊಂದೇ. ಎಳೆಯ ವಯಸ್ಸಿನಲ್ಲಿ ಒಂದು ಕಣ್ಣಿನಿಂದ ಮಸುಕು ಬಿಂಬವೇ ಬರುತ್ತಿದ್ದರೆ ಮಿದುಳು ಆ ಕಣ್ಣಿನ ಮಾತನ್ನು ಕೇಳುವುದನ್ನೇ ಬಿಡುತ್ತದೆ. ಏಳೆಂಟು ವರ್ಷದೊಳಗೆ ಕನ್ನಡಕ ಕೊಟ್ಟು, ಅಗತ್ಯವಿದ್ದರೆ ಒಳ್ಳೆಯ ಕಣ್ಣನ್ನು ದಿನಕ್ಕೆ ಕೆಲವು ಗಂಟೆ ಮುಚ್ಚಿ ಅಭ್ಯಾಸ ಮಾಡಿಸಿದರೆ ಹೆಚ್ಚಿನ ಫಲ ದೊರೆಯುತ್ತದೆ. ತಡವಾದಷ್ಟೂ ಫಲ ಕಡಿಮೆ. ಮಗುವಾದರೋ ತನಗೆ ಕಾಣುವುದಿಲ್ಲವೆಂದು ಹೇಳುವುದಿಲ್ಲ. ಜಗತ್ತು ಇರುವುದೇ ಹಾಗೆಂದು ಅದು ತಿಳಿದಿರುತ್ತದೆ.

ಆ ಬಾಲಕಿಯನ್ನು ವೈದ್ಯರ ಬಳಿಗೆ ಕರೆದೊಯ್ದದ್ದು ಅವಳು ಏಳನೆಯ ತರಗತಿಗೆ ಬಂದ ಮೇಲೆ. ಎರಡೂ ಕಣ್ಣಿಗೆ ಸಮೀಪದೃಷ್ಟಿ; ಎಡಗಣ್ಣು ಮಂದವೂ ಆಗಿತ್ತು. ಕನ್ನಡಕದಿಂದ ಬಲಗಣ್ಣು ತಿಳಿಯಾಯಿತು, ಎಡಗಣ್ಣು ಪೂರ್ತಿ ಮರಳಲಿಲ್ಲ. ಕನ್ನಡಕ ಹಾಕಿಕೊಂಡ ಮರುದಿನ ಅವಳು ಕರಿಹಲಗೆಯನ್ನು ನೋಡಿ, "ಟೀಚರ್, ಇಷ್ಟು ಬರೆಯುತ್ತಿದ್ದಿರಾ?" ಎಂದು ಕೇಳಿದಳು. ನಮ್ಮಲ್ಲಿ ಉತ್ತರವಿರಲಿಲ್ಲ.

ದೃಷ್ಟಿಯನ್ನು ಅಳೆಯುವ ಅಕ್ಷರಫಲಕವನ್ನು ಹಾಲೆಂಡಿನ ವೈದ್ಯ ಹರ್ಮನ್ ಸ್ನೆಲೆನ್ 1862ರಲ್ಲಿ ಪ್ರಕಟಿಸಿದರು. ಓದು ಬಾರದವರಿಗಾಗಿ ಮೂರು ಹಲ್ಲಿನ ಬಾಚಣಿಗೆಯಂಥ ಚಿಹ್ನೆಯ ಫಲಕವೂ ಇದೆ. ಹಲ್ಲುಗಳು ಎತ್ತ ಮುಖವಾಗಿವೆಯೆಂದು ಮಗು ಬೆರಳಿನಿಂದ ತೋರಿಸಿದರೆ ಸಾಕು. ಆ ಪರೀಕ್ಷೆಗೆ ಕನ್ನಡವೂ ಬೇಡ, ಮಲಯಾಳವೂ ಬೇಡ. ಗಡಿನಾಡಿನ ಮಕ್ಕಳಿಗೆ ಬೇಕಾದುದು ಅದೇ. ಈಗ ನಮ್ಮ ಜಗಲಿಯಲ್ಲಿ ಅಂಥ ಫಲಕವಿದೆ. ಆರು ಮೀಟರ್ ದೂರದಲ್ಲಿ ನೆಲದ ಮೇಲೆ ಗೆರೆಯೆಳೆದಿದ್ದೇವೆ. ಪ್ರತಿ ಜೂನ್ ತಿಂಗಳಲ್ಲಿ ಒಂದನೆಯ ತರಗತಿಯಿಂದ ಮೊದಲ್ಗೊಂಡು ಪ್ರತಿಯೊಂದು ಮಗುವಿನ ಕಣ್ಣನ್ನೂ ಒಂದೊಂದಾಗಿ ನೋಡುತ್ತೇವೆ. ಇದು ವೈದ್ಯರ ಪರೀಕ್ಷೆಗೆ ಬದಲಿಯಲ್ಲ, ಅವರ ಬಳಿಗೆ ದಾರಿ ಮಾತ್ರ.

ಹೆತ್ತವರಲ್ಲಿ ನಮ್ಮ ಬಿನ್ನಹವಿಷ್ಟೇ. ಮಗು ಕಣ್ಣು ಕಿರಿದುಮಾಡಿ ನೋಡಿದರೆ, ತಲೆ ಓರೆಮಾಡಿದರೆ, ಪುಸ್ತಕವನ್ನು ಮೂಗಿಗೆ ಹಿಡಿದರೆ ತಡಮಾಡದೆ ವೈದ್ಯರಿಗೆ ತೋರಿಸಿರಿ. ದಿನವೂ ಬಯಲಲ್ಲಿ ಆಡಲು ಬಿಡಿರಿ. ಸಮೀಪದೃಷ್ಟಿ ಬರುವ ಸಂಭವ ಅದರಿಂದ ಕಡಿಮೆಯಾಗುತ್ತದೆ. ಹೆಣ್ಣುಮಗುವಿಗೆ ಕನ್ನಡಕ ಹಾಕಿಸಿದರೆ ಮುಂದೆ ಮದುವೆಗೆ ತೊಡಕೆಂದು ಹಿಂಜರಿಯದಿರಿ.

ಮುಂದಿನ ನೂರು ವರ್ಷಗಳಲ್ಲಿ ಈ ಶಾಲೆಯ ಯಾವ ಮಗುವೂ ಕಾಣದ ತಪ್ಪಿಗಾಗಿ ದಡ್ಡನೆನಿಸಿಕೊಳ್ಳಬಾರದು.